ಒಸಡಿಗೆ ಹತ್ತಿದ ಕಪ್ಪು

ಟಾನಿಕ್ಕಿಗೆ ಆರುನೂರು. ಎರಡು ಸಲ ಗ್ಲೂಕೋಸ್ ಬಾಟಲಿ ಹಾಕಿಸಿದ್ದಕ್ಕೆ ಸಾವಿರದ ಇನ್ನೂರು. ದೃಷ್ಟಿ ತೆಗೆಸಿದ್ದಕ್ಕೆ ಒಂದು ನಾಟಿ ಕೋಳಿ. ಇಷ್ಟಾದರೂ ನಿಟ್ಟೂರಿನ ಕನಕರಾಜು ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿದಿದ್ದ.

ದಿನಕ್ಕೆ ಸಾವಿರ ತೆಂಗಿನಕಾಯಿ ಸುಲಿಯುತ್ತಿದ್ದವನು ಈಗ ನೂರಕ್ಕೇ ಸುಸ್ತಾಗಿ ಕೂತುಬಿಡುತ್ತಿದ್ದ. ಎದ್ದರೆ ಕಣ್ಣು ಕತ್ತಲೆ. ಊಟ ಸೇರದು. ಮೈ ಕಪ್ಪಾಗುತ್ತಿತ್ತು. ಹೆದರಿದ ಹೆಂಡತಿ ವನಜಾಕ್ಷಿ, ಆಶಾ ಕಾರ್ಯಕರ್ತೆ ಸಂಧ್ಯಾಳನ್ನು ಕರೆತಂದಳು.

"ಬಸುರಿ ಹಂಗೆ ಉಪ್ಪು ನೆಕ್ಕೊಂಡು ಕೂತವ್ರೆ ಕಣಕ್ಕ."

"ಸುಮ್ಕಿರೇ," ಎಂದ ಕನಕರಾಜು.

"ಅಣ್ಣ, ಅಂಗೈ ತೋರ್ಸಿ," ಎಂದಳು ಸಂಧ್ಯಾ. ಗೆರೆಗಳೆಲ್ಲ ಕಪ್ಪಾಗಿದ್ದವು.

"ಕಾಯಿ ಸುಲಿಯೋನ ಕೈ ಬೆಳ್ಳಗಿರ್ತದೇನವ್ವ? ಸಿಪ್ಪೆ ಕರೆ ಅದು."

"ಬಾಯಿ ಬಿಡಿ." ಸಂಧ್ಯಾ ಟಾರ್ಚ್ ಬಿಟ್ಟಳು. ಒಸಡಿನ ಮೇಲೂ ಕೆನ್ನೆಯ ಒಳಗೂ ಕಪ್ಪು ಮಚ್ಚೆ. "ಬಾಯಲ್ಲಿ ಕಾಯಿ ಸುಲಿತೀರೇನಣ್ಣ?"

ಸಂಧ್ಯಾ ಟಾರ್ಚ್ ಆರಿಸಿದಳು.

"ಹಿಂದೆ ಟಿಬಿ ಬಂದಿತ್ತಲ್ವಾ? ನಾಳೇನೇ ತುಮಕೂರು ದೊಡ್ಡಾಸ್ಪತ್ರೆಗೆ ಹೋಗಿ."

"ಅದು ವಾಸಿಯಾಗಿ ಹತ್ ವರ್ಸ ಆಯ್ತು. ಈ ಲೋಡ್ ಮುಗೀಲಿ, ಬುಡು."

ಲೋಡ್ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ವಾಂತಿ ಮಾಡಿಕೊಂಡು ಕಾಯಿ ರಾಶಿಯ ಮೇಲೇ ಕುಸಿದ. ಮೈ ತಣ್ಣಗಿತ್ತು. ಹೆಸರು ಕೂಗಿದರೆ ಓಗೊಡಲಿಲ್ಲ. ಆಂಬುಲೆನ್ಸಿನಲ್ಲಿ ವನಜಾಕ್ಷಿ ಜೊತೆಗೆ ಬಂದ ಸಂಧ್ಯಾಳನ್ನು ತುಮಕೂರಿನವರೆಗೂ ಒಂದನ್ನೇ ಕೇಳಿದಳು: "ಉಸ್ರು ಐತಾ ಅಕ್ಕ? ನೋಡಕ್ಕ, ಉಸ್ರು ಐತಾ?"

ಬಿಪಿ ಎಪ್ಪತ್ತಕ್ಕೆ ಇಳಿದಿತ್ತು. ರಕ್ತದಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಶಿಯಂ ಹೆಚ್ಚು. ಡಾಕ್ಟರು ಕಾರ್ಟಿಸಾಲ್ ಎಂಬ ಹಾರ್ಮೋನಿನ ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಕನಕರಾಜು ಕಣ್ಣು ಬಿಟ್ಟ. ಮುಂದೆ ಇನ್ನೊಂದು ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾಯಿತು.

"ಕಿಡ್ನಿ ಮೇಲೆ ಅಡ್ರಿನಲ್ ಅಂತ ಎರಡು ಚಿಕ್ಕ ಗ್ರಂಥಿ ಇರ್ತವೆ," ಎಂದರು ಡಾಕ್ಟರು. "ಬಿಪಿ, ಮೈಯ ಉಪ್ಪು ಹಿಡಿದಿಡೋ ಹಾರ್ಮೋನು ಬರೋದು ಅಲ್ಲಿಂದ್ಲೇ. ಹಳೇ ಟಿಬಿ ನಿಮ್ಮವನ್ನ ಹಾಳು ಮಾಡಿದೆ, ಅದಕ್ಕೇ ಈ ಸುಸ್ತು, ಈ ಕಪ್ಪು, ಉಪ್ಪಿನ ಆಸೆ. ಜೀವನ ಪೂರ್ತಿ ದಿನಾ ಮಾತ್ರೆ ತಗೋಬೇಕು. ಜ್ವರ ಬಂದ್ರೆ ನಮ್ಮನ್ನ ಕೇಳಿ ಡೋಸ್ ಜಾಸ್ತಿ ಮಾಡಿ. ವಾಂತಿಯಾದ್ರೆ ತಕ್ಷಣ ಬನ್ನಿ."

"ಒಂದಿನಾನೂ ಬುಡಕಿಲ್ಲ ಸಾರ್," ಎಂದ ಕನಕರಾಜು. ಮಾತ್ರೆ ಈಗ ಅವನ ಅಂಗಿ ಜೇಬಿನಲ್ಲೇ ಇರುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ ಕಾರಣವಿಲ್ಲದೆ ಸೊರಗುತ್ತಿದ್ದರೆ, ಎದ್ದಾಗ ತಲೆ ಸುತ್ತುತ್ತಿದ್ದರೆ, ಉಪ್ಪು ಹುಡುಕುತ್ತಿದ್ದರೆ ಒಸಡು ನೋಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮಂಡಿನೋವಿಗೋ ಉಬ್ಬಸಕ್ಕೋ ಬಹಳ ದಿನ ಸ್ಟೀರಾಯ್ಡ್ ನುಂಗಿದವರು ಅದನ್ನು ಏಕಾಏಕಿ ನಿಲ್ಲಿಸಬಾರದು. ಮಾತ್ರೆಯ ರೂಢಿಗೆ ಸೋಮಾರಿಯಾದ ಈ ಗ್ರಂಥಿ ಅವರಿಗೂ ಕೈಕೊಡಬಹುದು.

ಕನಕರಾಜು ಕಳೆದುಕೊಂಡದ್ದು ಮೂರು ತಿಂಗಳ ಕೂಲಿ, ಎರಡು ಗ್ರಂಥಿ, ಒಂದು ಕೋಳಿ. ಉಳಿದದ್ದು ಪ್ರಾಣ.