ಮುಗಿಯದ ತಪಾಸಣೆ

ಸಂತೆಯಲ್ಲಿ ಬಾಂಬು ಸಿಡಿದ ಮೇಲೆ ಆರೋಗ್ಯ ಕೇಂದ್ರದ ಡಾಕ್ಟರ ಮನೆಯಲ್ಲಿ ಯಾರೂ ನೆಟ್ಟಗೆ ಕೂತು ಉಂಡಿರಲಿಲ್ಲ. ಎತ್ತು ಮಾರಲು ಹೋಗಿದ್ದ ಅಕ್ಕನ ಮಗ ಒಂದು ಕಾಲು ಕಳೆದುಕೊಂಡು ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದ. ಬಾಂಬಿಟ್ಟವರಲ್ಲಿ ಒಬ್ಬ ಸಿಕ್ಕಿದ್ದಾನೆ, ಇನ್ನೊಂದು ಬಾಂಬು ಎಲ್ಲೋ ಇದೆಯಂತೆ, ಬಂದು ನಾಡಿ ನೋಡಿ ಎಂದು ಠಾಣೆಯಿಂದ ಕರೆ ಬಂದಾಗ ಅಕ್ಕನೇ ತಮ್ಮನ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟಳು.

"ಬಾಯಿ ಬಿಡೋವರೆಗೂ ಅವನ ಜೀವ ಹೋಗದ ಹಾಗೆ ನೋಡ್ಕೋ. ಅಷ್ಟು ಮಾಡಿ ಬಾ," ಎಂದಳು.

ಆ ಠಾಣೆಯಲ್ಲಿ ಒಂದು ಪದ್ಧತಿಯಿತ್ತು. ಡಾಕ್ಟರು ಕೈ ಹಿಡಿದು ನೋಡಿ 'ತಡ್ಕೋತಾನೆ' ಅನ್ನುವವರೆಗೆ ಯಾರೂ ಏಟು ಹಾಕುವಂತಿರಲಿಲ್ಲ. ತಪಾಸಣೆ ನಡೆಯುವಾಗ ನಡುವೆ ಬಾಯಿ ಹಾಕುವಂತೆಯೂ ಇರಲಿಲ್ಲ.

ಹಿಂದೆ ಬಿತ್ತನೆ ಬೀಜದ ಉಗ್ರಾಣವಾಗಿದ್ದ ಕೋಣೆಯಲ್ಲಿ ಆ ಮನುಷ್ಯ ಬೆಂಚಿನ ಮೇಲೆ ಕೂತಿದ್ದ. ಕಾಲಿನ ಮೇಲೆ ಉತ್ತ ಹೊಲದ ಮಣ್ಣು ಒಣಗಿ ಬಿರಿದಿತ್ತು. ಡಾಕ್ಟರು ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದರು. ಮೂಟೆ ಹೊತ್ತು ಬೆಳೆದವನ ನಾಡಿ, ಗಟ್ಟಿಯಾಗಿತ್ತು.

ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಹೊಟ್ಟೆನೋವೆಂದು ಆಗಾಗ ಆರೋಗ್ಯ ಕೇಂದ್ರಕ್ಕೆ ಬಂದು, ಸೂಜಿ ಕಂಡರೆ ಮುಖ ತಿರುಗಿಸುವ ಮನುಷ್ಯ ಅವರು.

ಗುಂಡಿಗೆ ಸರಿಯಿಲ್ಲ ಎಂದು ಸುಳ್ಳು ಹೇಳಿಬಿಡಬಹುದಿತ್ತು. ಆದರೆ ಹಾಗೆಂದರೆ, ಗುಂಡಿಗೆ ಸರಿಯಿದ್ದವನನ್ನು ಹೊಡೆಯಬಹುದು ಎಂದು ತಾನೇ ಒಪ್ಪಿದ ಹಾಗಾಗುತ್ತದೆ ಅನ್ನಿಸಿತು ಡಾಕ್ಟರಿಗೆ. ನಿಜ ಹೇಳಿದರಂತೂ, ಎಷ್ಟು ಹೊಡೆಯಬಹುದೆಂದು ಏಟಿಗೆ ಅಳತೆ ಕೊಟ್ಟವನು ತಾನೇ ಆದ ಹಾಗೆ. ಇನ್ನೂ ನೋಡುತ್ತಿದ್ದೇನೆ ಎಂದರು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದರು. ಡಾಕ್ಟರು ಬೇಕೆಂದೇ ಕೈ ಬಿಡುತ್ತಿಲ್ಲವೆಂದು ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಸ್ಟೂಲು ಎಳೆದುಕೊಂಡು ಕೂತು ಸಮಾಧಾನವಾಗಿಯೇ ವಾದಿಸಿದರು. ಇವನೊಬ್ಬನ ನೋವು ಒಂದು ಕಡೆ, ಊರಿನ ಮಕ್ಕಳುಮರಿಯ ಜೀವ ಇನ್ನೊಂದು ಕಡೆ. ಕೈ ಕೊಳೆಯಾದರೆ ತೊಳೆದುಕೊಳ್ಳಬಹುದು, ಹೋದ ಕಾಲು ಬರುತ್ತದೆಯೇ?

"ಹೋದ ಕಾಲು ಬರಲ್ಲ ಸಾಹೇಬ್ರೇ," ಎಂದರು ಡಾಕ್ಟರು. "ಆದ್ರೆ ಈ ಕೈ ನಾನು ಬಿಟ್ರೆ ನೀವು ಹಿಡ್ಕೋತೀರಿ."

"ನಿಮಗೆ ಕೈ ನೋಯಲ್ವಾ?"

"ನೋಯುತ್ತೆ."

ಪಟ್ಟಣದಿಂದ ಬೇರೆ ಡಾಕ್ಟರನ್ನು ಕರೆಸುತ್ತೇನೆಂದು ಇನ್‌ಸ್ಪೆಕ್ಟರು ಎದ್ದುಹೋದರು.

ಆಗ ಡಾಕ್ಟರು ಅಕ್ಕನ ಮಗನ ವಿಷಯವನ್ನು ಆ ಮನುಷ್ಯನಿಗೆ ಒಂದೊಂದಾಗಿ ಹೇಳಿದರು. ಗೊತ್ತಿದ್ದರೆ ಹೇಳಿಬಿಡು ಎಂದು ಕೇಳಿಕೊಂಡರು. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ. ತಾನು ಬರೀ ಗಾಡಿ ಓಡಿಸಿದವನು, ಇನ್ನೊಂದು ಬಾಂಬಿನ ಸಂಗತಿ ಗೊತ್ತಿಲ್ಲ ಎಂದ. ನಿಜವೋ ಸುಳ್ಳೋ, ಬೆರಳಿನಡಿಯ ನಾಡಿ ಏನನ್ನೂ ಹೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನ ಫೋನು ಬಂತು. ಡಾಕ್ಟರು ಎಡಗೈಯಲ್ಲಿ ಎತ್ತಿಕೊಂಡರು.

"ಹೇಳಿದ್ನಾ?"

"ಇಲ್ಲ ಅಕ್ಕ."

"ಹೊಡೆದ್ರಾ?"

"ನಾನು ಬಿಟ್ಟಿಲ್ಲ. ಎದ್ರೆ ಶುರು ಮಾಡ್ತಾರೆ."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಸರಿ, ಕೂತಿರು," ಎಂದಳು ಕೊನೆಗೆ. "ಊಟ ಮಾತ್ರ ನಾನು ಅಲ್ಲಿಗೆ ತರಲ್ಲ."