ಸಾಮಾನು ಬೋಗಿಯ ಬಾಗಿಲು

ಹಳೆಯ ರೈಲು ದಾರಿಯಲ್ಲಿ ಮತ್ತೆ ರೈಲು ಓಡಿಸಬೇಕೆಂದು ಹತ್ತು ಜನ ಟೊಂಕ ಕಟ್ಟಿ ನಿಂತಿದ್ದರು. ನೂರು ವರ್ಷದ ಮರದ ಬೋಗಿಗಳನ್ನು ಶೆಡ್ಡಿಗೆ ತಂದು, ಸಂಬಳವಿಲ್ಲದೆ, ಬರೀ ಹುಚ್ಚಿಗಾಗಿ ದುರಸ್ತಿ ಮಾಡುತ್ತಿದ್ದರು. ಸೀಟಿನ ಬಟ್ಟೆ ಹೊಲಿಯುವವಳು ಹೊಲಿಗೆಯಕ್ಕ. ಬಣ್ಣ ಬಳಿಯುವವನು ನಿವೃತ್ತ ಪೋಸ್ಟ್‌ಮ್ಯಾನ್. ಬೋಗಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವನು ಬಡಗಿಯೊಬ್ಬನೇ ಆದ್ದರಿಂದ ಶೆಡ್ಡಿನಲ್ಲಿ ಅವನು ಹಾಕಿದ್ದೇ ಗೆರೆ. ಅರವತ್ತು ದಾಟಿದ ಮೇಲೆ ಸಿಕ್ಕ ಈ ಮರ್ಯಾದೆಯನ್ನು ಅವನು ಒಳಗೊಳಗೇ ಚಪ್ಪರಿಸುತ್ತಿದ್ದ.

ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಆ ಕಾರ್ಖಾನೆಯ ಹಳೆಯ ಮೇಸ್ತ್ರಿ ಬಂದು ನಿಂತ. ಎಂಬತ್ತರ ಹತ್ತಿರದ ಮುದುಕ, ಬಗಲಲ್ಲಿ ಸಲಕರಣೆಯ ಪೆಟ್ಟಿಗೆ. ಒಳಗೆಲ್ಲ ಕಣ್ಣಾಡಿಸಿ, "ಏನೋ ಮೊಂಡುಳಿ, ಇನ್ನೂ ಬದುಕಿದ್ದೀಯಾ?" ಅಂದ.

ಮೊಂಡುಳಿ, ಅಂದರೆ ಹರಿತ ಹೋದ ಉಳಿ, ಅನ್ನುವುದು ಬಡಗಿಗೆ ಕಾರ್ಖಾನೆಯಲ್ಲಿ ಈ ಮೇಸ್ತ್ರಿಯೇ ಇಟ್ಟ ಹೆಸರು. ಹೆಸರಿಗೇ ನಿಂತಿದ್ದರೆ ಹೋಗಲಿ ಅನ್ನಬಹುದಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವನು ಮಾಡಿದ ಕಿಟಕಿ ಚೌಕಟ್ಟು ಒಂದು ಮೂಲೆಯಲ್ಲಿ ಸೊಟ್ಟಗಾಗಿತ್ತು. ಮೇಸ್ತ್ರಿ ಅದನ್ನು ಅವನ ಕೊರಳಿಗೇ ಹಾಕಿ, ಪಾಳಿ ಮುಗಿದು ಜನ ಹೊರಗೆ ಹೋಗುವ ಹೊತ್ತಿಗೆ ಗೇಟಿನಲ್ಲಿ ನಿಲ್ಲಿಸಿದ. ಆರುನೂರು ಜನ ನೋಡಿಕೊಂಡು ಹೋದರು. ಅದೇ ಕಾರ್ಖಾನೆಯ ಫಿಟ್ಟರ್ ಆಗಿದ್ದ ಅಪ್ಪನೂ ಆ ಗುಂಪಿನಲ್ಲಿ ಬಂದ, ಮಗನನ್ನು ಕಂಡ, ತಲೆ ತಗ್ಗಿಸಿ ದಾಟಿಹೋದ. ಆಮೇಲೆ ಸಾಯುವವರೆಗೂ ಅಪ್ಪ ಆ ಮಾತೆತ್ತಲಿಲ್ಲ. ಬಡಗಿಗೆ ಅದೇ ಹೆಚ್ಚು ಉರಿಯುತ್ತಿತ್ತು.

ಮೇಸ್ತ್ರಿಯ ಹೆಂಡತಿ ತೀರಿಕೊಂಡಿದ್ದಳಂತೆ, ಈಗ ಮಗಳ ಮನೆಯಲ್ಲಿ ವಾಸವಂತೆ. ಏನಾದರೂ ಕೆಲಸ ಕೊಡು ಅಂದ. ಬಡಗಿ ಅವನ ಕೈ ನೋಡಿದ. ಎರಡೂ ನಡುಗುತ್ತಿದ್ದವು. ಟೀ ಲೋಟ ಹಿಡಿದರೆ ಅರ್ಧ ನೆಲದ ಪಾಲು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್, "ಮೊಂಡುಳಿಗಳೇ, ವಾರ್ನಿಷ್ ಎಲ್ಲಿಟ್ಟಿದ್ದೀರಿ?" ಎಂದು ಕೇಳಿಯೂಬಿಟ್ಟ. ಹೊಲಿಗೆಯಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಹಿತ್ತಲಲ್ಲಿ ಗುಜರಿಗೆ ಹಾಕಲು ಒಟ್ಟಿದ್ದ ರಾಶಿಯಿಂದ ಬಡಗಿ ಒಂದು ಬಾಗಿಲು ಎಳೆದು ತಂದ. ಎಂದೋ ಮುರಿದುಹೋದ ಸಾಮಾನು ಬೋಗಿಯ ಬಾಗಿಲು, ಕೆಳಗಿನ ಪಟ್ಟಿ ಹುಳ ತಿಂದದ್ದು. ಅದನ್ನು ಮೇಸ್ತ್ರಿಯ ಮುಂದಿಟ್ಟು, ಮೊದಲ ದರ್ಜೆಯ ಬೋಗಿಯದು, ತುಂಬ ಜೋಪಾನ, ನಿಮ್ಮನ್ನು ಬಿಟ್ಟರೆ ಬೇರೆ ಯಾರ ಕೈಗೂ ಕೊಡಲಾರೆ ಅಂದ. ಮೇಸ್ತ್ರಿ ಮರದ ಮೇಲೆ ಅಂಗೈ ಆಡಿಸಿ ಸರಿ ಅಂದ.

ಎಂಟು ತಿಂಗಳು ಮುದುಕ ಆ ಬಾಗಿಲಿಗೆ ಅಂಟಿಕೊಂಡ. ಬೇರೆಯವರು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ಅವನಿಗೆ ಎರಡು ವಾರ. ಕೈ ನಡುಗಿ ಉಳಿ ಜಾರಿದರೆ ಪಟ್ಟಿ ತೆಗೆದು ಮೊದಲಿಂದ ಶುರು. ಎಡಗೈ ಹೆಬ್ಬೆರಳಿಗೆ ಎರಡು ಸಲ ಹೊಲಿಗೆ ಬಿತ್ತು. ಗುಟ್ಟು ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರಾದರೊಬ್ಬರು, ಮೇಸ್ತ್ರಿಗಳೇ, ನಿಮ್ಮ ಬಾಗಿಲಿಲ್ಲದೆ ರೈಲು ಹೊರಡುವಂತಿಲ್ಲ ಅನ್ನುವುದು, ಉಳಿದವರು ಅನ್ನದ ಡಬ್ಬಿಗೆ ಮುಖ ಬಗ್ಗಿಸಿ ಮುಸಿಮುಸಿ ನಗುವುದು. ಮೊದಮೊದಲು ಹೊಲಿಗೆಯಕ್ಕನ ನಗೆಯೇ ಜೋರಾಗಿತ್ತು. ಹೆಬ್ಬೆರಳಿನ ಎರಡನೇ ಹೊಲಿಗೆಯ ನಂತರ ಅವಳು ಬುತ್ತಿ ಹಿಡಿದು ಬೋಗಿಯೊಳಗೆ ಹೋಗಿ ಒಬ್ಬಳೇ ಉಣ್ಣತೊಡಗಿದಳು.

ರೈಲು ಹೊರಡಲು ವಾರವಿದೆ ಅನ್ನುವಾಗ ಬಾಗಿಲು ಮುಗಿಯಿತು. ತೇಗದ ಎಳೆ ಎಳೆ ಕಾಣುವ ಹಾಗೆ ಹೊಳೆಯುತ್ತಿತ್ತು. ಬಡಗಿ ಎಲ್ಲರನ್ನೂ ಕರೆದು, ಮೇಸ್ತ್ರಿಗಳ ಬಾಗಿಲು ಕೂರಿಸೋಣ ಬನ್ನಿ ಅಂದ. ಇಬ್ಬರು ಹೊತ್ತು ತಂದು ಮೊದಲ ದರ್ಜೆಯ ಬೋಗಿಗೆ ಹಿಡಿದರು. ಒಂದು ಗೇಣು ಅಗಲ ಜಾಸ್ತಿ. ಯಾರೋ ಕಿಸಕ್ಕೆಂದರು.

"ಮೇಸ್ತ್ರಿಗಳೇ, ಇದು ಗುಜರಿ ಬಾಗಿಲು," ಅಂದ ಬಡಗಿ. ಎಂಟು ತಿಂಗಳು ಬಾಯಲ್ಲಿಟ್ಟುಕೊಂಡಿದ್ದ ಮಾತು. "ಸಾಮಾನು ಬೋಗಿದು. ಇಷ್ಟು ದಿನ ನಿಮಗೆ ತಿಳೀಲೇ ಇಲ್ವಲ್ಲ."

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿಕೊಂಡ. "ಮೊದಲನೇ ದಿನವೇ ತಿಳೀತು. ಬಾಗಿಲಿನ ಅಗಲ ನೋಡಿದ್ರೆ ಯಾವ ಬೋಗಿದು ಅಂತ ಗೊತ್ತಾಗಲ್ವೇನೋ? ಕೈ ನಡುಗೋನಿಗೆ ನಾನಾಗಿದ್ರೂ ಒಳ್ಳೇ ಬಾಗಿಲು ಕೊಡ್ತಿರಲಿಲ್ಲ. ನೀನು ಮಾಡಿದ್ದು ಸರಿ." ದನಿ ತಗ್ಗಿಸಿದ. "ಬೆಳಿಗ್ಗೆ ಎದ್ದು ಹೋಗೋಕೆ ಒಂದು ಜಾಗ ಬೇಕಿತ್ತು. ಹಿತ್ತಲಲ್ಲಿ ಅಂಥದೇ ಇನ್ನೂ ನಾಲ್ಕು ಬಿದ್ದಿವೆ. ಒಂದು ಕೊಡು."

ತಾನು ಮಾಡಿದ್ದು ಸರಿ ಎಂದು ಆ ಬಾಯಿಂದ ಬರಲಿ ಎಂದು ಬಡಗಿ ನಲವತ್ತು ವರ್ಷ ಕಾದಿದ್ದ. ಆ ಮಾತು ಬಂದದ್ದು ಈ ಮೋಸಕ್ಕೆ. ಅವನ ಮೈಯೆಲ್ಲ ಉರಿದುಹೋಯಿತು.

"ನನ್ನ ಕೊರಳಿಗೆ ಚೌಕಟ್ಟು ಹಾಕಿ ಗೇಟಲ್ಲಿ ನಿಲ್ಲಿಸಿದ್ರಿ. ನೆನಪಿದೆಯಾ?"

ಮೇಸ್ತ್ರಿ ನಿಜವಾಗಿಯೂ ಯೋಚಿಸಿದ. "ಸುಮಾರು ಜನಕ್ಕೆ ಹಾಕಿದ್ದೆ ಕಣೋ. ಅದರಲ್ಲಿ ನೀನೂ ಇದ್ದೆಯಾ?"

"ನಾಳೆಯಿಂದ ಬರಬೇಡಿ," ಅಂದ ಬಡಗಿ.

ಮುದುಕ ತನ್ನ ಪೆಟ್ಟಿಗೆ ತೆರೆದ. ಸಲಕರಣೆಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟ. ನಡುಗುವ ಕೈಗೆ ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ, ಬಡಗಿ ನೋಡುತ್ತಾ ನಿಂತಿದ್ದ. ಎರಡು ದಿನ ಬಿಟ್ಟು ಮೇಸ್ತ್ರಿಯ ಮಗಳು ಫೋನ್ ಮಾಡಿದಳು. ಅಪ್ಪ ಏಳು ಗಂಟೆಗೇ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂರುತ್ತಾರೆ, ಕಸ ಗುಡಿಸುವ ಕೆಲಸವಾದರೂ ಸರಿ, ಕರೆಸಿಕೊಳ್ಳಿ ಅಣ್ಣಾ ಎಂದು ಬೇಡಿಕೊಂಡಳು. ಕೈ ನಡುಗುವವರನ್ನು ಒಳಗೆ ಬಿಡಬಾರದೆಂದು ಹೊಸ ನಿಯಮ ಬಂದಿದೆ ಎಂದು ಬಡಗಿ ಸುಳ್ಳು ಹೇಳಿದ. ಆ ಬಾಗಿಲನ್ನು ಬೇರೆ ಗುಜರಿಯ ಜೊತೆಗೇ ಲಾರಿಗೆ ಹೇರಿಸಿದ.

ರೈಲು ಓಡಿತು. ಬಂದವರು ಬೋಗಿಯ ಮರ ಸವರಿ ಸವರಿ ಹೊಗಳಿದರು. ಬಡಗಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಹೊಲಿಗೆಯಕ್ಕ ಮಾತ್ರ ಅವತ್ತು ಬರಲಿಲ್ಲ.

ಮೂರು ತಿಂಗಳ ಮೇಲೆ ಅವಳು ಶೆಡ್ಡಿನ ಬೀಗದ ಕೈ ಹಿಂತಿರುಗಿಸಲು ಬಂದಳು. ಮೇಸ್ತ್ರಿಯನ್ನು ನೋಡಿಬಂದಿದ್ದಳಂತೆ. ಮುದುಕ ಮಗಳ ಮನೆಯ ಬಾಗಿಲುಗಳನ್ನೇ ಒಂದೊಂದಾಗಿ ಕಳಚಿ ಕೀಸುತ್ತಾ ಕೂತಿದ್ದನಂತೆ. ಬಚ್ಚಲ ಬಾಗಿಲು ಚಿಲಕಕ್ಕೇ ಸಿಗದಷ್ಟು ಸವೆದಾಗ ಅಳಿಯ ಸಿಟ್ಟಾಗಿ ಪೆಟ್ಟಿಗೆಯನ್ನೇ ಮಾರಿಬಿಟ್ಟನಂತೆ. ಈಗ ಬರಿಗೈಯಲ್ಲಿ ಊಟದ ಮೇಜನ್ನು ಉಜ್ಜುತ್ತಾ ಕೂರುತ್ತಾನೆ, ಮಗಳ ಗುರುತೂ ಹತ್ತುವುದಿಲ್ಲ ಅಂದಳು.

ಹೇಳಿ ಮುಗಿಸಿ ಬಡಗಿಯ ಮುಖವನ್ನೇ ನೋಡುತ್ತಾ ನಿಂತಳು. ಅವನು ಬೀಗದ ಕೈ ತೆಗೆದುಕೊಂಡು ಮೊಳೆಗೆ ನೇತುಹಾಕಿದ. ಎರಡನೇ ಬೋಗಿಯ ಪರದೆಗೆ ಬಟ್ಟೆ ಕತ್ತರಿಸಿಟ್ಟಿದ್ದೀಯಾ, ಇಲ್ಲ ಅದಕ್ಕೂ ಬೇರೆಯವರನ್ನು ಹುಡುಕಬೇಕಾ ಎಂದು ಕೇಳಿದ.