ಹನ್ನೊಂದನೆಯ ಮೆಟ್ಟಿಲಿನ ಕೆಳಗಿನ ನೀರು

ಬಸಗೊಂಡಪ್ಪ ಯಾರೊಡನೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ. ತನ್ನ ಬಾವಿಯ ಮೆಟ್ಟಿಲುಗಳನ್ನೇ ನೋಡುತ್ತಿದ್ದ. ತಿಕೋಟಾದ ಹೊರಗಿನ ಆ ಕಲ್ಲುಬಾವಿಯಿಂದ ಅಕ್ಕಪಕ್ಕದ ತೋಟಗಳಿಗೆ ತಾಸಿನ ಲೆಕ್ಕದಲ್ಲಿ ನೀರು ಮಾರುತ್ತಿದ್ದ. ಮಾರುವವರು ಬೇರೆಯವರೂ ಇದ್ದರು. ಆದರೆ ನೀರಿಳಿದು ಒಂದೊಂದು ಮೆಟ್ಟಿಲು ಬಯಲಾದಂತೆ ತಾಸಿಗೆ ಎಂಟಾಣೆ ಏರಿಸುವವನು ಅವನೊಬ್ಬನೇ.

"ಸೋವಿ ಇದ್ದರ ಕಾಲುವಿ ಒಡದರೂ ಯಾರೂ ಏಳೂದಿಲ್ಲ. ತುಟ್ಟಿ ಆದ ದಿನ ಎಲ್ಲಾರೂ ಸಲಿಕಿ ಹಿಡದು ನಿಂದರತಾರ, ನೋಡು," ಎನ್ನುತ್ತಿದ್ದ.

ಹನ್ನೊಂದನೆಯ ಮೆಟ್ಟಿಲು ಕಂಡ ದಿನ ಮಾತ್ರ ನೀರೆತ್ತುವ ಇಂಜಿನ್ನಿನ ಹ್ಯಾಂಡಲ್ ಕಿತ್ತು, ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದ. ಆ ಭಾರಕ್ಕೆ ಅವನ ನಡಿಗೆ ಬಲಕ್ಕೆ ವಾಲುತ್ತಿತ್ತು. ಇಂಜಿನ್ ತಂದ ಮೊದಲ ವರ್ಷ ತಳದವರೆಗೆ ನೀರೆತ್ತಿದ್ದ. ಇಳಿಜಾರಿನ ಕೇರಿಯ ಕುಡಿಯುವ ಬಾವಿ ಎಂಟು ದಿನದಲ್ಲಿ ಬತ್ತಿತ್ತು. ಏಕೆಂದು ಕೇರಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

ನಾನು ಅವನ ಗೆಳೆಯ. ಎಪ್ಪತ್ತೆರಡರ ಬರದಲ್ಲಿ ನನ್ನ ನಲವತ್ತು ಲಿಂಬೆಗಿಡಗಳು ಕಾಯಿ ಹೊತ್ತು ಬಾಡುತ್ತಿದ್ದವು.

"ಎರಡು ತಾಸು ಬಿಡೋ ಬಸಗೊಂಡ, ನೀ ಹೇಳಿದಷ್ಟು ಕೊಡತೀನಿ."

"ಹನ್ನೊಂದರ ಕೆಳಗ ಧಾರಣಿ ಇಲ್ಲೋ ಮಾಸ್ತರ."

"ನಾನೂ ಗಿರಾಕಿ ಏನಲೇ ನಿನಗ?"

"ಗಿರಾಕಿ ಆಗಿದ್ದರ ಆಗಳೇ ವಾಪಸ್ ಕಳಸತಿದ್ದೆ. ಇದರದು, ಕೇರಿ ಬಾವಿದು ಸೆಲಿ ಒಂದ ಐತಿ. ನಿನ್ನ ಗಿಡಕ್ಕ ಬಿಟ್ಟರ ಕೇರಿ ರಾಜಬಿ ಕೊಡಕ್ಕ ಏನ್ ಹಾಕಲಿ?"

ಅರ್ಥವಾಯಿತು. ಆದರೂ ಗಿಡ ಒಣಗಿದ ಮೇಲೆ ಅವನೊಡನೆ ಮಾತು ಬಿಟ್ಟೆ. ಧಾರಣಿ ಏರಲೆಂದು ನೀರು ಮುಚ್ಚಿಟ್ಟಾನ ಎಂದು ಊರು ಆಡಿಕೊಂಡಿತು, ನಾನು ತಿದ್ದಲಿಲ್ಲ. ಮಳೆಯಾದ ಮೇಲೆ ಎಲ್ಲರೂ ಸ್ವಂತ ಬಾವಿ ತೋಡಿಸಿದರು. ಅವನ ಕಟ್ಟೆಗೆ ಯಾರೂ ಬರದಾದರು. ಬಬಲೇಶ್ವರದ ಸಾಲೆಗೆ ನಾನು ಬಸ್ಸಿನಲ್ಲಿ ಹೋಗುವಾಗ ದಿನವೂ ಅಲ್ಲಿಂದ ಕೈ ಎತ್ತುತ್ತಿದ್ದ. ನಾಲ್ಕು ವರ್ಷ ನಾನು ಆಚೆಯ ಕಿಟಕಿ ನೋಡಿದೆ.

ಹೋದ ತಿಂಗಳು ಅವನ ಮಣ್ಣಿಗೆ ಬಂದವರು ಹತ್ತು ಜನ. ಕೇರಿಯ ರಾಜಬಿ ನೀರು ಸೇದಿ ತಂದು ಕೊಟ್ಟಳು.

"ಬರದಾಗೂ ನಿಮ್ಮ ಬಾವಿ ಬತ್ತಲಿಲ್ಲಲ್ಲ, ರಾಜಬಿ?"

"ಅಲ್ಲಾನ ದಯಾರಿ, ಮಾಸ್ತರ. ಕುಡೀರಿ, ಬಿಸಲಾಗ ಬಂದೀರಿ."

ಹೇಳಬೇಕೆಂದು ಬಾಯಿ ತೆರೆದೆ; ನೀರು ಕುಡಿದು ತಂಬಿಗೆ ಮರಳಿ ಕೊಟ್ಟೆ.

ನೀರು ಕೊಟ್ಟವನ ಹೆಸರನ್ನು ಊರು ಕಲ್ಲಿನಲ್ಲಿ ಕೆತ್ತಿಸುತ್ತದೆ. ತೆಗೆಯದೆ ಬಿಟ್ಟವನಿಗೆ ಕಲ್ಲಿಲ್ಲ. ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥವರು ಗುರುತಿಲ್ಲದವರನ್ನು ಕಾಯುತ್ತಾರೆ, ಗುರುತಿದ್ದವರನ್ನು ಕಳೆದುಕೊಳ್ಳುತ್ತಾರೆ. ಅವರಿಗೆ ಗೆಳೆಯನಾಗಿ ಉಳಿಯುವುದು ಕಷ್ಟ. ನನ್ನಿಂದ ಆಗಲಿಲ್ಲ.